ಗೊತ್ತಿಲ್ಲದ್ದರ ಭಯ ಒಂಟಿ ಗುಂಪನ್ನು ಒಡೆಯದಂತೆ ನೋಡಿಕೊಳ್ಳುವುದು ಹೇಗೆ

1898ರ ಮಾರ್ಚ್ ಆರಂಭದಲ್ಲಿ ಬೆಲ್ಜಿಕಾ ಎಂಬ ಹಡಗು ಅಂಟಾರ್ಕ್ಟಿಕಾದ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ಅದರಲ್ಲಿ 18 ಜನರಿದ್ದರು. ನಾಯಕ ಅಡ್ರಿಯೆನ್ ದ ಜೆರ್ಲಾಶ್ ಬೆಲ್ಜಿಯಂನವರು. ಮುಂದೆ ದಕ್ಷಿಣ ಧ್ರುವವನ್ನು ಮೊದಲು ತಲುಪಿದ ರೋಆಲ್ಡ್ ಅಮುಂಡ್‌ಸೆನ್ ನಾರ್ವೆಯವರು. ವೈದ್ಯ ಫ್ರೆಡರಿಕ್ ಕುಕ್ ಅಮೆರಿಕದವರು. ವಿಜ್ಞಾನಿಗಳಲ್ಲಿ ಪೋಲೆಂಡಿನವರೂ ರುಮೇನಿಯಾದವರೂ ಇದ್ದರು. ಅಂಟಾರ್ಕ್ಟಿಕ್ ವೃತ್ತದೊಳಗೆ ಚಳಿಗಾಲ ಕಳೆದು ಬಂದ ಮನುಷ್ಯ ಅದುವರೆಗೆ ಒಬ್ಬನೂ ಇರಲಿಲ್ಲವಾದ್ದರಿಂದ, ಮುಂದೇನಾಗುತ್ತದೆ ಎಂದು ಅವರಿಗೆ ಹೇಳಬಲ್ಲವರು ಭೂಮಿಯ ಮೇಲೆಯೇ ಇರಲಿಲ್ಲ. ಮೇ 17ರಂದು ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈ ಕೊನೆಯ ಭಾಗದಲ್ಲಿ. ಆ ಕತ್ತಲೆಯ ನಡುವೆ, ಜೂನ್ 5ರಂದು, ವಿಜ್ಞಾನಿಗಳಲ್ಲಿ ಒಬ್ಬರಾದ ಎಮಿಲ್ ಡಾಂಕೊ ತೀರಿಕೊಂಡರು. ಅದಾದ ಮೇಲೆ ಹಡಗಿನಲ್ಲಿ ಚಳಿಗಿಂತ ಕಾಡಿದ್ದು ಮನಸ್ಸಿನೊಳಗಿನ ಶಂಕೆ.

ಇಂಥ ಸ್ಥಿತಿಯಲ್ಲಿ ಒಂದು ಗುಂಪಿನ ಹೊಣೆ ಹೊತ್ತವರಿಗಾಗಿ ಈ ಬರಹ. ಆಷಾಢದ ಮಳೆಗೆ ಕಾಲುಸಂಕ ಕೊಚ್ಚಿಹೋಗಿ ಪೇಟೆಯ ದಾರಿ ಕಡಿದುಕೊಂಡ ಮಲೆನಾಡಿನ ನಾಲ್ಕಾರು ಮನೆಗಳ ಊರು, ಸೋಂಕಿನ ಕಾರಣಕ್ಕೆ ಬಾಗಿಲು ಹಾಕಿದ ವಿದ್ಯಾರ್ಥಿನಿಲಯ, ತಿಂಗಳುಗಟ್ಟಲೆ ದಡ ಕಾಣದ ಸರಕು ಹಡಗು, ಅಂಟಾರ್ಕ್ಟಿಕಾದಲ್ಲಿ ಬೆಲ್ಜಿಕಾ ಸಿಕ್ಕಿಬಿದ್ದಿದ್ದ ಅಕ್ಷಾಂಶದ ಆಸುಪಾಸಿನಲ್ಲೇ ಇರುವ ನಮ್ಮ ಮೈತ್ರಿ ಸಂಶೋಧನಾ ನಿಲ್ದಾಣ, ಇವುಗಳ ಸ್ವರೂಪ ಬೇರೆ ಬೇರೆಯಾದರೂ ಭಯ ಒಳಹೊಕ್ಕು ಕೆಲಸ ಮಾಡುವ ರೀತಿ ಎಲ್ಲೆಡೆ ಬಹುಮಟ್ಟಿಗೆ ಒಂದೇ. ಅಪಾಯ ಎಷ್ಟೇ ದೊಡ್ಡದಾದರೂ ಅದು ಏನೆಂದು ತಿಳಿದಿದ್ದರೆ ಜನ ಒಟ್ಟಾಗಿ ನಿಲ್ಲುತ್ತಾರೆ. ಏನೆಂದು ತಿಳಿಯದೆ ಊಹೆಗೆ ಬಿಟ್ಟಾಗ ಪ್ರತಿಯೊಬ್ಬರೂ ಒಂದೊಂದು ಊಹೆ ಕಟ್ಟಿಕೊಳ್ಳುತ್ತಾರೆ, ಮತ್ತು ಆ ಊಹೆಗಳಲ್ಲಿ ಬಹುಪಾಲು ಪಕ್ಕದಲ್ಲಿರುವ ಮನುಷ್ಯನ ಮೇಲೆ ಬಂದು ನಿಲ್ಲುತ್ತವೆ. ಹೊಣೆಗಾರರ ಮುಖ್ಯ ಕೆಲಸ ಈ ಊಹೆಗಳಿಗೆ ಮುಖ ಸಿಗದಂತೆ ನೋಡಿಕೊಳ್ಳುವುದು. ಮುಂದೆ ಹೇಳುವುದೆಲ್ಲ ಆ ಕೆಲಸದ ವಿವರ.

ಮೊದಲು ಬಿರುಕನ್ನು ಗುರುತಿಸಿ

ಒಡಕು ಜಗಳದಿಂದ ಶುರುವಾಗುವುದಿಲ್ಲ. ಅದು ಮೌನದಿಂದ ಶುರುವಾಗುತ್ತದೆ. ಒಬ್ಬರು ಒಳಬಂದ ಕೂಡಲೇ ಮಾತು ನಿಲ್ಲುವುದು, ಊಟಕ್ಕೆ ದಿನವೂ ಅವೇ ಮೂವರು ಒಂದು ಮೂಲೆಯಲ್ಲಿ ಕೂರುವುದು, ಉಗ್ರಾಣದ ಅಕ್ಕಿಬೇಳೆಯನ್ನು ಯಾರೋ ಗುಟ್ಟಾಗಿ ಎಣಿಸಿ ಬರುವುದು, ಎಲ್ಲರಿಗೂ ಅರ್ಥವಾಗುವ ಭಾಷೆಯನ್ನು ಬಿಟ್ಟು ತಮ್ಮತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುವುದು, ಇವು ಮೊದಲ ಲಕ್ಷಣಗಳು. ‘ಅವರಿಗೆ ಎಲ್ಲಾ ಗೊತ್ತಿದೆ, ನಮಗೆ ಹೇಳುತ್ತಿಲ್ಲ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದ ದಿನ, ಒಡಕು ಆಗಲೇ ವಾರದಷ್ಟು ಹಳೆಯದಾಗಿದೆ ಎಂದು ತಿಳಿಯಿರಿ.

ಬೆಲ್ಜಿಕಾದಲ್ಲಿ ಈ ಮಾತಿಗೆ ಆಧಾರವೂ ಇತ್ತು. ಚಳಿಗಾಲವನ್ನು ಹಿಮದಲ್ಲಿ ಕಳೆಯುವುದಕ್ಕೆ ವಿಜ್ಞಾನಿಗಳು ಒಪ್ಪಿರಲಿಲ್ಲ. ಎಲ್ಲರಿಗೂ ಸಾಕಾಗುವಷ್ಟು ಚಳಿಯುಡುಪು ಹಡಗಿನಲ್ಲಿ ಇರಲಿಲ್ಲ. ಹಾಗಿದ್ದೂ ನಾಯಕರು ಫೆಬ್ರವರಿ ಕೊನೆಯಲ್ಲಿ ಹಡಗನ್ನು ಇನ್ನೂ ದಕ್ಷಿಣಕ್ಕೆ, ಹಿಮದೊಳಕ್ಕೆ, ನುಗ್ಗಿಸಿದ್ದರು. ಇದು ಆಕಸ್ಮಿಕವೋ ಉದ್ದೇಶವೋ ಎಂಬ ಪ್ರಶ್ನೆಗೆ ನೇರವಾದ ಉತ್ತರ ಸಿಗದೇ ಹೋದದ್ದು ಉದ್ದಕ್ಕೂ ವಿಷವಾಗಿ ಉಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನಾಯಕತ್ವ ಏನೇ ಆದರೂ ಬೆಲ್ಜಿಯಂನವರ ಕೈಯಲ್ಲೇ ಉಳಿಯಬೇಕು ಎಂಬ ಒಪ್ಪಂದವೊಂದು ಮೊದಲೇ ಆಗಿತ್ತೆಂದು ತಿಳಿದಾಗ, ಅಷ್ಟು ದಿನ ನಿಷ್ಠೆಯಿಂದ ದುಡಿದಿದ್ದ ಅಮುಂಡ್‌ಸೆನ್ ಇನ್ನು ತಮ್ಮ ಪಾಲಿಗೆ ಈ ಯಾತ್ರೆ ಮುಗಿದಂತೆಯೇ ಎಂದು ಜೆರ್ಲಾಶ್ ಅವರಿಗೆ ಹೇಳಿಬಿಟ್ಟರು. ಆ ಒಪ್ಪಂದದ ಷರತ್ತಿಗಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚು ನೋಯಿಸಿತು ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ದಾರಿ ಕಡಿಯುವ ಮೊದಲೇ, ಅಥವಾ ಕಡಿದ ದಿನವೇ, ಎಲ್ಲರನ್ನೂ ಕೂರಿಸಿ ಮೂರು ವಿಷಯಗಳನ್ನು ಹೇಳಿಬಿಡಿ: ದಿನಸಿ ಮತ್ತು ಔಷಧಿ ಎಷ್ಟು ದಿನಕ್ಕೆ ಇದೆ, ಯಾರಿಗೆ ಏನಾದರೂ ಆದರೆ ಯಾರು ಯಾರ ಜಾಗ ತುಂಬುತ್ತಾರೆ, ಈ ಸ್ಥಿತಿಗೆ ಬರಲು ನಿಮ್ಮ ತೀರ್ಮಾನ ಎಷ್ಟು ಕಾರಣ. ಮೂರನೆಯದು ಹೇಳಲು ಕಷ್ಟ. ಆದರೂ ನೀವೇ ಹೇಳಿದ ತಪ್ಪನ್ನು ಜನ ಕ್ಷಮಿಸುತ್ತಾರೆ. ತಾವೇ ಹುಡುಕಿ ತೆಗೆದ ತಪ್ಪನ್ನು ಕ್ಷಮಿಸುವುದು ಅಪರೂಪ. ಉಗ್ರಾಣದ ಎಣಿಕೆಯನ್ನು ವಾರಕ್ಕೊಮ್ಮೆ ಎಲ್ಲರೆದುರೇ ಮಾಡಿ, ಎಣಿಸುವವರಲ್ಲಿ ನಿಮ್ಮನ್ನು ಅಷ್ಟಾಗಿ ನಂಬದ ಒಬ್ಬರು ಇರಲಿ.

ಹೇಗೆ ಹರಡುತ್ತದೆ ಎಂದು ಮೊದಲು ಕೇಳಿ

ಅಪಾಯ ರೋಗದ ರೂಪದಲ್ಲಿ ಬಂದಾಗ, ಊರನ್ನು ಒಡೆಯುವುದೂ ಉಳಿಸುವುದೂ ಒಂದೇ ಪ್ರಶ್ನೆಯ ಉತ್ತರ. ಇದಕ್ಕೆ ನಮ್ಮದೇ ನೆಲದ ಉದಾಹರಣೆಯಿದೆ. 1957ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗತೊಡಗಿದರು. ಕೆಲವರಿಗೆ ರಕ್ತಸ್ರಾವವಾಗಿ ಸಾವೂ ಬಂತು. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ವೈದ್ಯರೇ ಆರಂಭದಲ್ಲಿ ವಿಷಮಶೀತ ಜ್ವರವಿರಬಹುದೇ, ಹಳದಿ ಜ್ವರವಿರಬಹುದೇ ಎಂದು ಯೋಚಿಸಬೇಕಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದ ಮೇಲೆ, ಇದು ಅದುವರೆಗೆ ಕಂಡಿರದ ಹೊಸ ವೈರಸ್ಸೆಂದೂ, ಉಣುಗುಗಳ ಕಡಿತದಿಂದ ಬರುತ್ತದೆಂದೂ ತಿಳಿದುಬಂತು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಅದಕ್ಕೆ ಹೆಸರಾಯಿತು. ಮಲೆನಾಡಿಗರ ಬಾಯಲ್ಲಿ ಅದು ಮಂಗನ ಕಾಯಿಲೆ.

ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಈ ಒಂದು ವಾಕ್ಯ ಗೊತ್ತಿರುವ ಊರಿಗೂ ಗೊತ್ತಿಲ್ಲದ ಊರಿಗೂ ಇರುವ ಅಂತರವನ್ನು ಯೋಚಿಸಿ. ಗೊತ್ತಿಲ್ಲದ ಊರಿನಲ್ಲಿ ಜ್ವರ ಬಂದ ಮನೆಯ ಬಾವಿಗೆ ಯಾರೂ ಕೊಡ ಇಳಿಸುವುದಿಲ್ಲ, ಆ ಮನೆಯವರನ್ನು ಅಡಕೆ ಕೊಯ್ಲಿಗೆ ಕರೆಯುವುದಿಲ್ಲ, ಮಕ್ಕಳನ್ನು ಶಾಲೆಯಲ್ಲಿ ದೂರ ಕೂರಿಸುತ್ತಾರೆ. ಆ ಮನೆಯವರು ಮುಂದಿನ ಬಾರಿ ಜ್ವರ ಬಂದರೆ ಬಾಯಿ ಬಿಡದೆ ಮಲಗುತ್ತಾರೆ, ಹೀಗೆ ಚಿಕಿತ್ಸೆ ತಡವಾಗುತ್ತದೆ. ಗೊತ್ತಿರುವ ಊರಿನಲ್ಲಿ ಎಚ್ಚರವೆಲ್ಲ ಕಾಡಿನ ಕಡೆ ತಿರುಗುತ್ತದೆ: ದೊಡ್ಡಿಗೆ ತರಗೆಲೆ ತರಲು ಹೋಗುವವರು ಕೈಕಾಲಿಗೆ ಉಣುಗು ನಿರೋಧಕ ತೈಲ ಹಚ್ಚಿಕೊಂಡು ಮೈತುಂಬ ಬಟ್ಟೆ ಹಾಕಿಕೊಳ್ಳುತ್ತಾರೆ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾರೆ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತಾರೆ. ಎರಡೂ ಊರುಗಳಲ್ಲಿ ಭಯ ಅಷ್ಟೇ ಇರಬಹುದು. ಒಂದರಲ್ಲಿ ಅದು ನೆರೆಮನೆಯತ್ತ ನೋಡುತ್ತದೆ, ಇನ್ನೊಂದರಲ್ಲಿ ಉಣುಗಿನತ್ತ.

ಆದ್ದರಿಂದ ಮೊದಲ ದಿನವೇ ಒಂದು ಹಲಗೆಯನ್ನೋ ಗೋಡೆಯನ್ನೋ ಆರಿಸಿಕೊಂಡು ಮೂರು ಸಾಲು ಎಳೆಯಿರಿ. ಒಂದರಲ್ಲಿ ಖಚಿತವಾಗಿ ತಿಳಿದದ್ದು, ಎರಡನೆಯದರಲ್ಲಿ ಇನ್ನೂ ತಿಳಿಯದಿರುವುದು, ಮೂರನೆಯದರಲ್ಲಿ ಆ ತಿಳಿಯದ್ದನ್ನು ಯಾರು ಯಾವ ದಿನದೊಳಗೆ ಕೇಳಿಕೊಂಡು ಬರುತ್ತಾರೆ ಎಂಬುದು. ಎರಡನೆಯ ಸಾಲನ್ನು ಖಾಲಿ ಬಿಡುವ ಆಸೆ ಎಲ್ಲ ಮುಖಂಡರಿಗೂ ಇರುತ್ತದೆ, ಏಕೆಂದರೆ ಗೊತ್ತಿಲ್ಲ ಎಂದು ಬರೆದರೆ ಜನ ಹೆದರುತ್ತಾರೆಂಬ ಅಳುಕು. ನಾನು ಇದನ್ನು ಒಪ್ಪುವುದಿಲ್ಲ. ಬರೆದಿಟ್ಟ ‘ಗೊತ್ತಿಲ್ಲ’ಕ್ಕೆ ಒಂದು ಎಲ್ಲೆ ಇರುತ್ತದೆ, ಬರೆಯದೇ ಬಿಟ್ಟದ್ದಕ್ಕೆ ಎಲ್ಲೆಯೇ ಇಲ್ಲ. ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಸಂಜೆ ದೀಪ ಹಚ್ಚುವ ವೇಳೆಗೆ, ಹಲಗೆಯನ್ನು ಗಟ್ಟಿಯಾಗಿ ಓದಿಸಿ. ಹೊಸದೇನೂ ಇಲ್ಲದಿದ್ದರೆ ‘ಇಂದು ಹೊಸದೇನೂ ಇಲ್ಲ’ ಎಂದೇ ಓದಿಸಿ. ಒಂದು ದಿನ ಓದು ತಪ್ಪಿದರೆ ಆ ರಾತ್ರಿಯೇ ಮೂರು ಸುದ್ದಿ ಹುಟ್ಟುತ್ತವೆ. ಓದುವವರು ಇಬ್ಬರಿರಲಿ, ಇಬ್ಬರೂ ಒಂದೇ ಕೇರಿಯವರಾಗದಿರಲಿ. ದೂರವಾಣಿ ಸಿಗುವಲ್ಲಿ ಆರೋಗ್ಯದ ಪ್ರಶ್ನೆಗಳಿಗೆ 104ಕ್ಕೆ ಕರೆ ಮಾಡಬಹುದು, ಸಿಗದಿರುವಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಕಳಿಸಬಹುದು.

ಮನುಷ್ಯರಿಂದಲೇ ಹರಡುವ ರೋಗವಾದರೆ ಮಾತು ಬೇರೆ. ಆಗ ದೂರ ಇಡುವುದು ಅನಿವಾರ್ಯ, ಆದರೆ ದೂರ ಇಡುವುದಕ್ಕೂ ದೂರ ತಳ್ಳುವುದಕ್ಕೂ ವ್ಯತ್ಯಾಸವಿದೆ. 2020ರ ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಎಷ್ಟೋ ಊರುಗಳು ದಾರಿಗೆ ಮುಳ್ಳು ಹಾಕಿ, ಕಲ್ಲು ಪೇರಿಸಿ, ಕೆಲವೆಡೆ ಕಂದಕವನ್ನೇ ತೋಡಿ, ಪಟ್ಟಣದಿಂದ ಹಿಂದಿರುಗಿದ ತಮ್ಮದೇ ಮಕ್ಕಳನ್ನು ಹೊರಗೆ ನಿಲ್ಲಿಸಿದವು. ಬೇರೆಯಾಗಿ ಇರಿಸಿದವರಿಗೆ ಎಷ್ಟು ದಿನ ಎಂದು ಮೊದಲೇ ಹೇಳಿ, ಹೊತ್ತು ಹೊತ್ತಿಗೆ ಊಟ ಮುಟ್ಟಿಸಿ, ದಿನಕ್ಕೊಮ್ಮೆ ಹೆಸರು ಹಿಡಿದು ಮಾತಾಡಿಸಿದರೆ ಅವರು ಅವಧಿ ಮುಗಿಸಿ ಊರಿನವರಾಗಿಯೇ ಒಳಬರುತ್ತಾರೆ. ಹಾಗೆ ಮಾಡದಿದ್ದರೆ ಆ ಬೇಲಿ ತೆಗೆದ ಮೇಲೂ ಮನಸ್ಸಿನಲ್ಲಿ ನಿಂತಿರುತ್ತದೆ.

ಹೊರಗಿನವರು ಬಂದಾಗ

ಭಯಕ್ಕೆ ಅತಿ ಸುಲಭವಾಗಿ ಸಿಗುವ ಮುಖ ಅಪರಿಚಿತನದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಗುಂಪಿನ ಹೊಣೆ ಹೊತ್ತವರೆಲ್ಲರೂ ನೆನಪಿಡಬೇಕು. ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು ಹಂದಿಕೇರಾ ಗ್ರಾಮದ ಬಳಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ದಾರಿಗೆ ಅಡ್ಡ ಹಾಕಿ ನಿಲ್ಲಿಸಿದ ಜನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹೊಡೆದು ಕೊಂದರು, ಉಳಿದವರನ್ನು ಉಳಿಸಲು ನಿಂತ ಪೊಲೀಸರೂ ಗಾಯಗೊಂಡರು. ಆ ದಿನಗಳಲ್ಲಿ ಅಂಥ ಸಂದೇಶಗಳು ದೇಶದ ಹಲವು ಕಡೆ ಹರಿದಾಡುತ್ತಿದ್ದವು. ತಮ್ಮ ಮಕ್ಕಳ ಮೇಲಿನ ಪ್ರೀತಿಯೇ ಆ ಜನರನ್ನು ರಸ್ತೆಗೆ ಎಳೆದಿತ್ತು ಎಂಬುದನ್ನು ನೆನೆದಾಗ ಮನಸ್ಸು ಇನ್ನೂ ಕದಡುತ್ತದೆ.

ಇದಕ್ಕೆ ಮುನ್ನೆಚ್ಚರಿಕೆ ಶಾಂತವಾಗಿರುವ ದಿನಗಳಲ್ಲೇ ಆಗಬೇಕು. ಅಪರಿಚಿತರು ಕಂಡರೆ ಅವರನ್ನು ಎಲ್ಲರಿಗೂ ಕಾಣುವ ಒಂದು ಜಾಗದಲ್ಲಿ, ಅರಳಿಕಟ್ಟೆಯಲ್ಲೋ ಪಂಚಾಯಿತಿ ಕಚೇರಿಯಲ್ಲೋ ಕೂರಿಸಿ ನೀರು ಕೊಡುವುದು, ಮಾತಾಡಿಸಲು ಊರಿನ ಇಬ್ಬರು ಹಿರಿಯರು ಮತ್ತು ಒಬ್ಬ ಮಹಿಳೆ ಮಾತ್ರ ಹತ್ತಿರ ಹೋಗುವುದು, ಸಂಶಯ ಉಳಿದರೆ 112ಕ್ಕೆ ಕರೆ ಮಾಡುವುದು, ಪೊಲೀಸರು ಬರುವವರೆಗೆ ಯಾರೂ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸದಿರುವುದು, ಇಷ್ಟನ್ನು ಸಭೆಯಲ್ಲಿ ಒಪ್ಪಿಸಿ ಯಾರು ಆ ಮೂವರೆಂದು ಹೆಸರು ಸಮೇತ ನಿಗದಿ ಮಾಡಿ. ಗುಂಪು ಸೇರಿದ ಮೇಲೆ ನಿಯಮ ಹುಡುಕಲು ಹೊರಟರೆ ತಡವಾಗಿರುತ್ತದೆ.

ಬೆಳಕು, ಊಟ, ಕೆಲಸ

ಮುಖಂಡರು ಸಾಮಾನ್ಯವಾಗಿ ಅಸಡ್ಡೆ ಮಾಡುವುದು ಈ ಭಾಗವನ್ನು. ಹಸಿದ, ನಿದ್ದೆಗೆಟ್ಟ, ಕತ್ತಲೆಯಲ್ಲಿ ಕುಳಿತ ಮನುಷ್ಯನಿಗೆ ಯಾವ ಸತ್ಯವನ್ನು ಹೇಳಿದರೂ ಅದು ಸುಳ್ಳಿನಂತೆಯೇ ಕೇಳಿಸುತ್ತದೆ. ವೈದ್ಯ ಕುಕ್ ಇದನ್ನು ಕಂಡುಕೊಂಡರು. ಹಡಗಿನವರ ನಾಡಿ ಏರುಪೇರಾಗುತ್ತಿತ್ತು, ಮುಖ ಬಾತುಕೊಂಡಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಸಹಿಸುತ್ತಿರಲಿಲ್ಲ. ಅವರು ರೋಗಿಗಳನ್ನು ದಿನವೂ ಬಟ್ಟೆ ಬಿಚ್ಚಿಸಿ ಉರಿಯುವ ಒಲೆಯೆದುರು ನಿಲ್ಲಿಸಿದರು, ಹಡಗಿನ ಸುತ್ತ ಹಿಮದ ಮೇಲೆ ಕಡ್ಡಾಯವಾಗಿ ನಡೆಸಿದರು, ಎಲ್ಲಕ್ಕಿಂತ ಮುಖ್ಯವಾಗಿ ಪೆಂಗ್ವಿನ್ ಹಾಗೂ ಸೀಲ್‌ಗಳ ತಾಜಾ ಮಾಂಸ ತಿನ್ನಿ ಎಂದು ಒತ್ತಾಯಿಸಿದರು. ಜೀವಸತ್ವಗಳ ವಿಚಾರ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಡಬ್ಬಿಯ ಆಹಾರದಿಂದ ಬಂದಿದ್ದ ಸ್ಕರ್ವಿಗೆ ಮದ್ದು ಆ ಮಾಂಸದಲ್ಲೇ ಇತ್ತು. ಜೆರ್ಲಾಶ್ ಅವರಿಗೆ ಆ ಮಾಂಸದ ಹೆಸರೆತ್ತಿದರೇ ಹೇಸಿಗೆ. ನಾಯಕ ಮುಟ್ಟದ ತಟ್ಟೆಯನ್ನು ನಾವಿಕರು ಯಾಕೆ ಮುಟ್ಟಿಯಾರು? ಜೆರ್ಲಾಶ್ ಅವರೂ ಅವರ ಎರಡನೆಯ ಅಧಿಕಾರಿ ಜಾರ್ಜ್ ಲೆಕ್ವಾಂಟ್ ಅವರೂ ಉಯಿಲು ಬರೆಯುವಷ್ಟು ಕುಸಿದ ಮೇಲೆ ತಿನ್ನಲು ಒಪ್ಪಿದರು, ಚೇತರಿಸಿಕೊಂಡರು. ನೀವು ಗುಂಪಿಗೆ ಏನನ್ನು ಪಾಲಿಸಲು ಹೇಳುತ್ತೀರೋ ಅದನ್ನು ಮೊದಲ ದಿನ, ಎಲ್ಲರೆದುರು, ನೀವೇ ಪಾಲಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಗೊತ್ತಿಲ್ಲ.

ನಿಮ್ಮ ಊರಿಗೆ ಪೆಂಗ್ವಿನ್ ಬೇಡ. ಬಿಸಿ ಗಂಜಿ ಸಾಕು, ಆದರೆ ಅದು ಹೊತ್ತಿಗೆ ಸರಿಯಾಗಿ ಒಂದೇ ಒಲೆಯಿಂದ ಎಲ್ಲರಿಗೂ ಬರಲಿ. ಬಡಿಸುವ ಸರದಿಯಲ್ಲಿ ಎಲ್ಲ ಮನೆಯವರೂ ಇರಲಿ. ಹಗಲಿನಲ್ಲಿ ಎಲ್ಲರೂ ಒಂದಷ್ಟು ಹೊತ್ತು ಬಯಲಿಗೆ ಬರಲಿ. ಕೈಗೆ ಕೆಲಸವಿರಲಿ, ಮತ್ತು ಆ ಕೆಲಸ ನಿಜವಾಗಿ ಬೇಕಾದದ್ದಾಗಿರಲಿ; ಸುಮ್ಮನೆ ತೊಡಗಿಸಲೆಂದು ಕೊಟ್ಟ ಕೆಲಸವನ್ನು ಮಕ್ಕಳೂ ಗುರುತಿಸುತ್ತವೆ.

ಎದುರು ಬಣದವರನ್ನು ಜೊತೆಗೆ ಕೂರಿಸಿಕೊಳ್ಳಿ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈಮ್ ಎಂಬ ಹಳ್ಳಿಗೆ 1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯೊಂದಿಗೆ ಪ್ಲೇಗ್ ಬಂತೆಂದು ಹೇಳುತ್ತಾರೆ. ಊರಿನ ಹೊಸ ಪಾದ್ರಿ ವಿಲಿಯಂ ಮಾಂಪೆಸನ್ ಅವರ ಬಗ್ಗೆ ಜನರಿಗೆ ಅಷ್ಟೇನೂ ಒಲವಿರಲಿಲ್ಲ. ಜನ ನಂಬುತ್ತಿದ್ದದ್ದು ಧಾರ್ಮಿಕ ಕಾನೂನಿಗೆ ತಲೆಬಾಗದೆ ಹುದ್ದೆ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಅವರನ್ನು. 1666ರ ಜೂನ್‌ನಲ್ಲಿ ಮಾಂಪೆಸನ್ ಮಾಡಿದ ಮೊದಲ ಕೆಲಸ ಸ್ಟ್ಯಾನ್ಲಿಯವರ ಬಳಿ ಹೋದದ್ದು. ಇಬ್ಬರೂ ಸೇರಿ ಊರಿನ ಮುಂದೆ ಕಠಿಣವಾದ ಯೋಜನೆ ಇಟ್ಟರು: ಯಾರೂ ಗಡಿ ದಾಟಬಾರದು, ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಿನಲ್ಲಿ ದೂರ ದೂರ ನಿಂತು ನಡೆಯಲಿ, ಸತ್ತವರನ್ನು ಅವರವರ ಮನೆಯವರೇ ಹೂಳಬೇಕು. ಹೊರಗಿನವರು ಗಡಿಗಲ್ಲಿನ ಬಳಿ ದಿನಸಿ ಇಟ್ಟು ಹೋಗುತ್ತಿದ್ದರು, ಊರಿನವರು ವಿನೆಗರ್ ತುಂಬಿದ ಕುಳಿಗಳಲ್ಲಿ ಹಣ ಬಿಡುತ್ತಿದ್ದರು. ಎಲಿಜಬೆತ್ ಹ್ಯಾನ್ಕಾಕ್ ಎಂಬಾಕೆ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂಳಿದಳು. ಮಾಂಪೆಸನ್ ಅವರ ಹೆಂಡತಿಯೂ ಆಗಸ್ಟಿನಲ್ಲಿ ಸತ್ತರು. ಅಷ್ಟು ಸಾವಿನ ನಡುವೆಯೂ ಆ ಕಟ್ಟು ಮುರಿದು ಬೀಳಲಿಲ್ಲ.

ಇಲ್ಲಿ ಕಲಿಯಬೇಕಾದದ್ದು ನಿಯಮಗಳ ಕಠಿಣತೆಯನ್ನಲ್ಲ, ಅವನ್ನು ಹೇಳಿದ ರೀತಿಯನ್ನು. ನಿಮ್ಮ ಮಾತನ್ನು ಕೇಳದ ಅರ್ಧ ಊರು ಯಾರ ಮಾತನ್ನು ಕೇಳುತ್ತದೋ ಅವರ ಮನೆಗೆ ನೀವೇ ಹೋಗಿ, ಕರೆಸಬೇಡಿ. ನಿಮ್ಮ ತೀರ್ಮಾನ ಪೂರ್ತಿ ಸಿದ್ಧವಾದ ಮೇಲೆ ಒಪ್ಪಿಗೆ ಕೇಳಲು ಹೋದರೆ ಅದು ಅವಮಾನವಾಗುತ್ತದೆ, ಆದ್ದರಿಂದ ಹಸಿಯಾಗಿರುವಾಗಲೇ ಹೋಗಿ. ಸಭೆಯಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ಹೇಳಿ. ಕಷ್ಟದ ನಿಯಮ ಮುಖಂಡರ ಮನೆಗೆ ಮೊದಲು ಅನ್ವಯಿಸಲಿ.

ಒಬ್ಬರು ಕುಸಿದಾಗ

ಬೆಲ್ಜಿಕಾದ ನಾವಿಕರಲ್ಲೊಬ್ಬನಿಗೆ ಜೊತೆಗಾರರೇ ತನ್ನನ್ನು ಕೊಲ್ಲಲು ಹೊಂಚು ಹಾಕಿದ್ದಾರೆಂಬ ಭ್ರಮೆ ಹತ್ತಿತು. ಅವನು ಯಾರನ್ನೂ ನಂಬದೆ, ಹಡಗಿನ ಚಳಿಯ ಮೂಲೆಗಳಲ್ಲಿ ಅಡಗಿ ಮಲಗುತ್ತಿದ್ದ. ಇಂಥವರನ್ನು ಕಂಡಾಗ ಉಳಿದವರಿಗೆ ಹುಟ್ಟುವ ಸಿಟ್ಟಿನ ಬೇರು, ತಮಗೂ ಹೀಗಾದೀತೆಂಬ ಹೆದರಿಕೆ. ಒಬ್ಬ ವ್ಯಕ್ತಿಯ ಬಗ್ಗೆ ಸಭೆಯಲ್ಲಿ ಎಂದೂ ಕೈ ಎತ್ತಿಸಬೇಡಿ. ಇಂದು ಅವನ ಸರದಿಯಾದರೆ ನಾಳೆ ಯಾರದೆಂದು ಪ್ರತಿಯೊಬ್ಬರೂ ಲೆಕ್ಕ ಹಾಕತೊಡಗುತ್ತಾರೆ. ಅವನಿಗೆ ಹಿಂದಿನಿಂದಲೂ ಸಲಿಗೆಯಿದ್ದ ಒಬ್ಬರನ್ನು ಜೊತೆಗೆ ಬಿಡಿ, ಮೂರು ದಿನಕ್ಕೊಮ್ಮೆ ಅವರಿಗೂ ಬಿಡುವು ಕೊಡಿ, ಚೂಪಾದ ಸಾಮಾನುಗಳನ್ನು ಸದ್ದಿಲ್ಲದೆ ದೂರ ಸರಿಸಿ, ಮಾತಿನಲ್ಲಿ ಅವನ ಭ್ರಮೆಯನ್ನು ಅಲ್ಲಗಳೆಯಲೂ ಬೇಡಿ, ಹೌದೆನ್ನಲೂ ಬೇಡಿ. ದೂರವಾಣಿ ಇರುವಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ದಾರಿ ತೆರೆದ ಮೊದಲ ವಾಹನದಲ್ಲಿ ಅವನಿಗೆ ಜಾಗವಿರಲಿ.

ಎಲ್ಲರ ಕೈಗೂ ಒಂದೇ ಗರಗಸ

1899ರ ಜನವರಿಯಲ್ಲಿ ಬೆಲ್ಜಿಕಾದವರಿಗೆ ಇನ್ನೊಂದು ಚಳಿಗಾಲದ ಭಯ ಎದುರಾಯಿತು. ಅದನ್ನು ತಾಳುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಹಡಗಿನಿಂದ ಕೆಲವು ನೂರು ಮೀಟರ್ ಆಚೆ ತೆರೆದ ನೀರು ಕಾಣುತ್ತಿತ್ತು. ಅಲ್ಲಿಯವರೆಗೆ ಹಿಮವನ್ನು ಕೊಯ್ದು ಕಾಲುವೆ ಮಾಡುವುದೆಂದು ತೀರ್ಮಾನವಾಯಿತು. ಸೂರ್ಯ ಮುಳುಗದ ಆ ದಿನಗಳಲ್ಲಿ ಸರದಿ ಹಾಕಿಕೊಂಡು ಹಗಲಿರುಳು ಕೊಯ್ದರು. ನಾಯಕ, ವೈದ್ಯ, ವಿಜ್ಞಾನಿ, ನಾವಿಕ ಎಂಬ ಭೇದವಿಲ್ಲದೆ ಎಲ್ಲರೂ ಗರಗಸ ಹಿಡಿದರು. ಎರಡು ತಿಂಗಳ ಹಿಂದೆ ಯಾತ್ರೆಯನ್ನೇ ತೊರೆದೆನೆಂದ ಅಮುಂಡ್‌ಸೆನ್ ಕೂಡ ಅಲ್ಲಿದ್ದರು. ಅವರ ಮನಸ್ತಾಪ ಕರಗಿತ್ತೆಂದು ನಾನು ಹೇಳುವುದಿಲ್ಲ. ಕೊಯ್ಯಬೇಕಾದ ಹಿಮ ಎಲ್ಲರ ಕಣ್ಣೆದುರು ಇತ್ತು, ಇಂದು ಎಷ್ಟು ಕೊಯ್ದೆವೆಂದು ಸಂಜೆಗೆ ಅಳೆಯಬಹುದಿತ್ತು.

ನಿಮ್ಮ ಗುಂಪಿಗೂ ಅಂಥದೊಂದು ಕೆಲಸವನ್ನು ಹುಡುಕಿಕೊಡಿ: ಕುಸಿದ ಧರೆಯ ಮಣ್ಣು ತೆಗೆಯುವುದು, ಅಡಕೆ ದಬ್ಬೆ ಹಾಸಿ ತಾತ್ಕಾಲಿಕ ಸಂಕ ಕಟ್ಟುವುದು, ಬಾವಿಯ ಕಟ್ಟೆ ಸರಿಪಡಿಸುವುದು. ಪರಸ್ಪರ ಮಾತು ಬಿಟ್ಟ ಇಬ್ಬರನ್ನು ಒಂದೇ ಗರಗಸದ ಎರಡು ತುದಿಗೆ ನಿಲ್ಲಿಸಿ, ರಾಜಿಯ ಮಾತನ್ನು ಎತ್ತಬೇಡಿ. ಆ ದಿನದ ಅಳತೆಯನ್ನು ಸಂಜೆ ಅದೇ ಹಲಗೆಯ ಮೇಲೆ, ಖಚಿತವಾಗಿ ತಿಳಿದದ್ದರ ಸಾಲಿನಲ್ಲಿ ಬರೆಯಿರಿ. ದಾರಿ ತೆರೆದ ಮೇಲೆ ಹಲಗೆಯನ್ನು ಕೂಡಲೇ ಅಳಿಸಬೇಡಿ. ಒಂದು ವಾರ ಬಿಟ್ಟು ಎಲ್ಲರೂ ಅದರ ಮುಂದೆ ಕುಳಿತು, ಯಾವ ಊಹೆ ಯಾವ ಮನೆಯವರನ್ನು ನೋಯಿಸಿತೆಂದು ಆ ಮನೆಯವರ ಬಾಯಿಂದಲೇ ಕೇಳಿಸಿಕೊಳ್ಳಿ.

ಬೆಲ್ಜಿಕಾದವರ ಕಾಲುವೆಯನ್ನು ಹಿಮ ಒಮ್ಮೆ ಒತ್ತಿ ಮುಚ್ಚಿಬಿಡುವಂತಾಗಿತ್ತು. ಫೆಬ್ರವರಿ ಮಧ್ಯದಲ್ಲಿ ಹಡಗು ಅದರ ಮೂಲಕ ಸರಿದು, ಹಿಮದ ಅಂಚಿನಲ್ಲಿ ಮತ್ತೊಂದು ತಿಂಗಳು ಕಾದು, ಮಾರ್ಚ್ 14ರಂದು ತೆರೆದ ಕಡಲಿಗೆ ಇಳಿಯಿತು.